ಊಟಿಯ ರೋಜಾ, ಕೊಳ್ಳೇಗಾಲದ ಬಿಸಿಲು

ಊಟಿಗೆ ಹೋಗಿಬಂದ ಕೊಳ್ಳೇಗಾಲದವರ ಕಾರಿನ ಡಿಕ್ಕಿಯಲ್ಲಿ ಎರಡು ಸಾಮಾನು ಖಾಯಂ: ಒಂದು ಪೊಟ್ಟಣ ವರ್ಕಿ, ಒಂದು ರೋಜಾ ಗಿಡ. ವರ್ಕಿ ವಾರದೊಳಗೆ ಮುಗಿಯುತ್ತದೆ. ಗಿಡ ಮುಗಿಯಲು ಒಂದು ಬೇಸಿಗೆ ಸಾಕು. ತಂದ ಹೊಸತರಲ್ಲಿ ಅಂಗೈಯಗಲ ಅರಳಿದ ಗಿಡ ಮಾರ್ಚಿನ ಹೊತ್ತಿಗೆ ಸಣ್ಣ ಪೇಲವ ಹೂ ಬಿಡುತ್ತದೆ. ಏಪ್ರಿಲಿನಲ್ಲಿ ಕೊಂಬೆಗಳು ತುದಿಯಿಂದ ಕಪ್ಪಾಗಿ ಕೆಳಕ್ಕೆ ಒಣಗುತ್ತಾ ಬರುತ್ತವೆ. ಮೇ ತಿಂಗಳ ಮಳೆ ಬೀಳುವಾಗ ಕುಂಡದಲ್ಲಿ ಉಳಿದಿರುವುದು ಕಡ್ಡಿ ಮಾತ್ರ. ‘ನಮ್ಮ ಕೈಗೆ ರೋಜಾ ಆಗಿಬರಲ್ಲ’ ಎಂದು ಮನೆಯವರು ಕೈಬಿಡುತ್ತಾರೆ. ಕೈಯದೇನೂ ತಪ್ಪಿಲ್ಲ, ತಪ್ಪಿದ್ದು ಎತ್ತರದ ಲೆಕ್ಕ.

ಊಟಿ ಇರುವುದು ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಮೇಲೆ. ಕೊಳ್ಳೇಗಾಲ ಹೆಚ್ಚುಕಡಿಮೆ 600 ಮೀಟರಿನಲ್ಲಿದೆ. ಸಾವಿರ ಮೀಟರ್ ಮೇಲೇರಿದರೆ ಗಾಳಿ ಸರಾಸರಿ ಆರೂವರೆ ಡಿಗ್ರಿಯಷ್ಟು ತಣ್ಣಗಾಗುತ್ತದೆ. ಅಂದರೆ ಗುಂಡ್ಲುಪೇಟೆ ದಾರಿಯಲ್ಲಿ ಕೆಳಗಿಳಿದು ಬಂದ ಗಿಡ ಒಂದೇ ದಿನದಲ್ಲಿ ಹತ್ತು ಹನ್ನೊಂದು ಡಿಗ್ರಿ ಹೆಚ್ಚಿನ ಸೆಖೆಗೆ ಬಿದ್ದಿರುತ್ತದೆ. ಗುಲಾಬಿಗೆ ಹಿತವಾದ ಹಗಲು ಇಪ್ಪತ್ತರಿಂದ ಇಪ್ಪತ್ತೆಂಟು ಡಿಗ್ರಿಯದು. ಕೊಳ್ಳೇಗಾಲ, ಹನೂರು ಕಡೆ ಏಪ್ರಿಲಿನಲ್ಲಿ 36 ಡಿಗ್ರಿ ದಾಟುವುದು ಅಪರೂಪವೇನಲ್ಲ.

ಸೆಖೆ ಹೂವಿಗೆ ಮಾಡುವ ಕೆಲಸ ಮೂರು. ಮೊದಲನೆಯದು ದಳಗಳ ಸಂಖ್ಯೆ. ಮೊಗ್ಗಿನೊಳಗೆ ಎಷ್ಟು ಅಂಗ ದಳವಾಗಬೇಕು, ಎಷ್ಟು ಕೇಸರವಾಗಬೇಕು ಎಂಬ ಗಡಿ ಗುಲಾಬಿಯಲ್ಲಿ ಗಟ್ಟಿಯಾಗಿ ನಿಂತಿಲ್ಲ, ಹವೆಯೊಂದಿಗೆ ಸರಿದಾಡುತ್ತದೆ. ಚಳಿಯಿದ್ದಾಗ ದಳ ಹೆಚ್ಚುತ್ತದೆ, ಸೆಖೆಯಲ್ಲಿ ಕಡಿಮೆಯಾಗುತ್ತದೆ. ಎರಡನೆಯದು ಬಣ್ಣ. ಕೆಂಪು, ನಸುಗೆಂಪುಗಳನ್ನು ಕೊಡುವ ಆಂಥೋಸಯನಿನ್ ಬಿಸಿಯಲ್ಲಿ ಸರಿಯಾಗಿ ತಯಾರಾಗುವುದಿಲ್ಲ. ಮೂರನೆಯದು ಆಯಸ್ಸು. ಊಟಿಯಲ್ಲಿ ವಾರ ನಿಲ್ಲುವ ಹೂ ಇಲ್ಲಿ ಎರಡು ದಿನಕ್ಕೆ ಬಾಡುತ್ತದೆ. ಕಡ್ಡಿಗೊಂದೇ ದೊಡ್ಡ ಹೂ ಬಿಡುವ ಜಾತಿಯನ್ನು ನಂಬಿದವರಿಗೆ ಈ ಮೂರೂ ಒಟ್ಟಿಗೇ ಹೊಡೆಯುತ್ತವೆ: ಇದ್ದದ್ದು ಒಂದು ಹೂ, ಅದೂ ಸಣ್ಣದಾಯಿತು, ಅದೂ ನಾಳಿದ್ದಿಗೆ ಹೋಯಿತು.

ಗೊಂಚಲು ಬಿಡುವ ಎತ್ತರದ ಗುಲಾಬಿಯ ಲೆಕ್ಕವೇ ಬೇರೆ. ಒಂದು ಕಡ್ಡಿಯ ತುದಿಯಲ್ಲಿ ಐದೋ ಹತ್ತೋ ಮೊಗ್ಗು, ಒಂದಾದ ಮೇಲೊಂದು ಅರಳುತ್ತವೆ. ಒಂದೊಂದು ಹೂ ಎರಡೇ ದಿನ ನಿಂತರೂ ಗೊಂಚಲಿನಲ್ಲಿ ಎರಡು ವಾರ ಬಣ್ಣವಿರುತ್ತದೆ. ದಳ ಕಡಿಮೆಯಿರುವ ಹೂವಿಗೆ ಕಳೆದುಕೊಳ್ಳಲು ಹೆಚ್ಚೇನೂ ಇರುವುದಿಲ್ಲ. ಕೊಳ್ಳೇಗಾಲ, ಹನೂರು, ಯಳಂದೂರಿನಲ್ಲಿ ಗುಲಾಬಿ ಬೆಳೆಸಬೇಕೆನ್ನುವವರು ಹೂವಿನ ಗಾತ್ರ ಮರೆತು ಗೊಂಚಲನ್ನು ಹುಡುಕಬೇಕು ಎನ್ನುವುದು ಈ ಅಧ್ಯಾಯದ ವಾದ. ಗಿಡ ಮಾರುವ ಗಾಡಿಯವರು ಹೇಗೂ ಹಾಗೆಯೇ ಕೂಗುತ್ತಾರೆ: ‘ಗೊಂಚ್ಲು ಗೊಂಚ್ಲಾಗೇ ಬುಡ್ತದ ಕನಕ್ಕ!’ ಆದರೆ ಅವರು ಕೊಡುವುದು ಗೊಂಚಲೋ ಅಲ್ಲವೋ ಎಂದು ತಿಳಿಯಲು ಗಿಡದ ವಂಶವನ್ನು ಸ್ವಲ್ಪ ಕೆದಕಬೇಕಾಗುತ್ತದೆ.

ಎತ್ತರ, ಗೊಂಚಲು, ವರ್ಷವಿಡೀ ಹೂ. ಈ ಮೂರು ಗುಣ ಕಾಡಿನ ಯಾವ ಗುಲಾಬಿಯಲ್ಲೂ ಒಟ್ಟಿಗೆ ಸಿಗುವುದಿಲ್ಲವೆಂದೇ ಹೇಳಬೇಕು. ಎತ್ತರ ಮತ್ತು ಗೊಂಚಲು ಜೊತೆಯಾಗಿ ಬೇಕಾದಷ್ಟು ಕಡೆ ಇವೆ. ಅದಕ್ಕೆ ದೂರ ಹೋಗಬೇಕಿಲ್ಲ, ಬಿಳಿಗಿರಿರಂಗನ ಬೆಟ್ಟದ ಪಡುವಣ ನೆರೆಯ ನೀಲಗಿರಿಯಲ್ಲೇ, ಆಮೇಲೆ ಪಳನಿ ಬೆಟ್ಟಗಳಲ್ಲೂ, ದಕ್ಷಿಣ ಭಾರತದ್ದೇ ಆದ ಒಂದು ಕಾಡುಗುಲಾಬಿ ಬೆಳೆಯುತ್ತದೆ. 1816ರಿಂದ ಕೆಲವು ವರ್ಷ ದಕ್ಷಿಣ ಭಾರತದಲ್ಲಿ ಗಿಡ ಹುಡುಕುತ್ತಾ ಅಲೆದ ಫ್ರೆಂಚ್ ಸಸ್ಯಶಾಸ್ತ್ರಜ್ಞ ಲೆಶೆನೊ ಹೆಸರಿನಲ್ಲಿ ಅದನ್ನು ರೋಸಾ ಲೆಶೆನೊಲ್ಟಿಯಾನಾ ಎನ್ನುತ್ತಾರೆ. ಶೋಲಾ ಕಾಡಿನ ಅಂಚಿನಲ್ಲಿ ಮರಕ್ಕೆ ಹಬ್ಬಿ ಏರಿ, ಐದೇ ದಳದ ಬಿಳಿ ಹೂಗಳನ್ನು ಗೊಂಚಲಾಗಿ ಬಿಡುವ ಮುಳ್ಳುಬಳ್ಳಿ ಅದು. ಅದರ ಹೂವಿನ ನಡುವೆ ಭೂತಗನ್ನಡಿ ಹಿಡಿದು ನೋಡಿದರೆ ಶಲಾಕೆಗಳೆಲ್ಲ ಬೆಸೆದುಕೊಂಡು ಒಂದೇ ಕಂಬವಾಗಿರುವುದು ಕಾಣುತ್ತದೆ. ಚೀನಾ, ಜಪಾನಿನ ರೋಸಾ ಮಲ್ಟಿಫ್ಲೋರಾದಲ್ಲೂ ಇದೇ ಕಂಬ ಇದೆ. ಇವೆಲ್ಲ ಒಂದೇ ಬಳಗ. ಇಂದಿನ ತೋಟದ ಗೊಂಚಲು ಗುಲಾಬಿಗಳಿಗೆ ಗೊಂಚಲು ಬಂದದ್ದು ಮುಖ್ಯವಾಗಿ ಈ ಮಲ್ಟಿಫ್ಲೋರಾದಿಂದ.

ಕಾಡುಗುಲಾಬಿಗಳ ತೊಂದರೆ ಏನೆಂದರೆ ಅವುಗಳಲ್ಲಿ ಹೆಚ್ಚಿನವು ವರ್ಷಕ್ಕೊಮ್ಮೆ ಮಾತ್ರ ಹೂ ಬಿಡುತ್ತವೆ. ವರ್ಷವಿಡೀ ಹೂ ಬಿಡುವ ಗುಣ ಬಂದದ್ದು ಚೀನಾದ ತೋಟಗಳಲ್ಲಿ ಸಾವಿರಾರು ವರ್ಷ ಸಾಕಿದ ಗುಲಾಬಿಯಿಂದ. ಅದು ಹೇಗೆ ಬಂತು ಎಂಬುದು 2012ರಲ್ಲಿ ಫ್ರಾನ್ಸ್ ಮತ್ತು ಜಪಾನಿನ ಸಂಶೋಧಕರು ಬಿಡಿಸಿದ ಒಗಟು. ಗುಲಾಬಿಯಲ್ಲಿ ಕೆಎಸ್‌ಎನ್ ಎಂಬ ಒಂದು ಜೀನ್ ಇದೆ. ಅದರ ಕೆಲಸ ಹೂವನ್ನು ತಡೆಯುವುದು. ಕಾಡುಗುಲಾಬಿಯಲ್ಲಿ ವಸಂತದ ಹೂ ಮುಗಿದೊಡನೆ ಈ ಜೀನ್ ಚುರುಕಾಗುತ್ತದೆ, ಆಮೇಲೆ ಹುಟ್ಟುವ ಚಿಗುರುಗಳೆಲ್ಲ ಹೂವಿನ ಗೊಡವೆ ಬಿಟ್ಟು ಉದ್ದಕ್ಕೆ ಬೆಳೆಯುತ್ತಾ ಹೋಗುತ್ತವೆ. ಚೀನಾ ಗುಲಾಬಿಯಲ್ಲಿ, ಎಂದೋ ಒಂದು ಕಾಲದಲ್ಲಿ, ವರ್ಣತಂತುಗಳೊಳಗೆ ಜಾಗ ಬದಲಿಸುತ್ತಾ ಓಡಾಡುವ ಡಿಎನ್‌ಎ ತುಣುಕೊಂದು ಬಂದು ಈ ಜೀನಿನ ಮಧ್ಯೆ ಕೂತುಬಿಟ್ಟಿತು. ಜೀನ್ ಕೆಟ್ಟಿತು. ತಡೆಯುವವರಿಲ್ಲದೆ ಪ್ರತಿ ಚಿಗುರೂ ಹೂವಿನಲ್ಲೇ ಕೊನೆಯಾಗತೊಡಗಿತು.

ಎತ್ತರದ ಪ್ರಶ್ನೆ ಇಲ್ಲಿ ಸೇರಿಕೊಳ್ಳುತ್ತದೆ. ಚಿಗುರಿನ ತುದಿಯಲ್ಲಿ ಹೂ ಬಂತೆಂದರೆ ಆ ಚಿಗುರು ಅಲ್ಲಿಗೆ ನಿಂತಿತು. ತುದಿಯ ಬೆಳವಣಿಗೆ ಕೋಶಗಳೆಲ್ಲ ಹೂವಾಗಿ ಖರ್ಚಾಗಿರುತ್ತವೆ. ಆದ್ದರಿಂದ ವರ್ಷವಿಡೀ ಹೂ ಬಿಡುವ ಗುಲಾಬಿ ಬಳ್ಳಿಯಾಗಲಾರದು, ಪೊದೆಯಾಗುತ್ತದೆ. ಕೆಲವೊಮ್ಮೆ ಪೊದೆ ಗುಲಾಬಿಯ ಒಂದು ಕೊಂಬೆ ಇದ್ದಕ್ಕಿದ್ದಂತೆ ಬಳ್ಳಿಯಾಗಿ ಹಬ್ಬಿ, ಹೂ ಬಿಡುವುದನ್ನು ಕಡಿಮೆ ಮಾಡುವುದನ್ನು ತೋಟಗಾರರು ಹಿಂದಿನಿಂದಲೂ ಕಂಡಿದ್ದಾರೆ. ಅಂಥ ಕೆಲವು ಗಿಡಗಳನ್ನು ಪರೀಕ್ಷಿಸಿದಾಗ, ಜೀನಿನೊಳಗೆ ಕೂತಿದ್ದ ತುಣುಕು ಬಹುಪಾಲು ಎದ್ದು ಹೋಗಿ, ಜೀನ್ ಮತ್ತೆ ಕೆಲಸಕ್ಕೆ ಹತ್ತಿರುವುದು ಗೊತ್ತಾಯಿತು. ಹೂವಿಗೂ ಎತ್ತರಕ್ಕೂ ಇರುವ ಜಗ್ಗಾಟ ಅಷ್ಟು ನೇರವಾದದ್ದು.

ಹಾಗಾದರೆ ಆರೇಳು ಅಡಿ ಏರಿಯೂ ವರ್ಷವಿಡೀ ಹೂ ಬಿಡುವ ಗುಲಾಬಿಗಳು ಹೇಗೆ ಬಂದವು? ಅವು ಬೆಳೆಯುವುದು ಮಾಳಿಗೆಯ ಮೇಲೆ ಮಾಳಿಗೆ ಕಟ್ಟಿದ ಹಾಗೆ. ಒಂದು ಕಡ್ಡಿ ಉದ್ದವಾಗಿ ಬೆಳೆದು ಗೊಂಚಲಿನಲ್ಲಿ ನಿಲ್ಲುತ್ತದೆ. ಅದರ ಕೆಳಗಿನ ಕಣ್ಣೊಂದು ಒಡೆದು ಇನ್ನೊಂದು ಉದ್ದದ ಕಡ್ಡಿಯಾಗಿ ಮತ್ತೊಂದು ಗೊಂಚಲಿನಲ್ಲಿ ನಿಲ್ಲುತ್ತದೆ. ಗೆಣ್ಣು ಗೆಣ್ಣಿನ ನಡುವಿನ ಅಂತರ ದೊಡ್ಡದಿದ್ದು, ಬುಡದಿಂದ ಹೊಸ ಕಡ್ಡಿ ಎಬ್ಬಿಸುವ ಕಸುವು ಇದ್ದರೆ ಈ ಮಾಳಿಗೆಗಳು ಬೇಗ ಮೇಲೇರುತ್ತವೆ.

ಎತ್ತರ, ಗೊಂಚಲು, ವರ್ಷವಿಡೀ ಹೂ, ಈ ಮೂರನ್ನೂ ಸೇರಿಸುವ ಕೆಲಸ ಹಂತಹಂತವಾಗಿ ನಡೆಯಿತು. 1870ರ ದಶಕದಲ್ಲಿ ಫ್ರಾನ್ಸಿನ ತಳಿಗಾರ ಗಿಯೋ, ಮಲ್ಟಿಫ್ಲೋರಾ ಮತ್ತು ಚೀನಾ ಗುಲಾಬಿಯ ರಕ್ತ ಕೂಡಿಸಿ ಮೊಣಕಾಲೆತ್ತರದ ಗೊಂಚಲು ಗಿಡಗಳನ್ನು ಪಡೆದ. ಅವು ಪಾಲಿಯಾಂಥಾ. ಡೆನ್ಮಾರ್ಕಿನ ಪೌಲ್ಸೆನ್ ಮನೆತನದವರು ಅವುಗಳಿಗೆ ದೊಡ್ಡ ಹೂವಿನ ಹೈಬ್ರಿಡ್ ಟೀ ಜಾತಿಯನ್ನು ಬೆರೆಸಿದರು. 1924ರ ‘ಎಲ್ಸೆ ಪೌಲ್ಸೆನ್’ ಆ ಸಾಲಿನದು, ಮುಂದೆ ಫ್ಲೋರಿಬಂಡಾ ಎನಿಸಿಕೊಂಡ ಗುಂಪಿನ ಹಿರಿಯಜ್ಜಿ. ಈ ಬೆರಕೆ ಸುಲಭವಿರಲಿಲ್ಲ. ಗುಲಾಬಿಯ ವರ್ಣತಂತುಗಳ ಲೆಕ್ಕ ಏಳರ ಮಗ್ಗಿ: ಮಲ್ಟಿಫ್ಲೋರಾದಲ್ಲಿ 14, ಹೈಬ್ರಿಡ್ ಟೀಯಲ್ಲಿ 28. ಇವೆರಡರ ಮಕ್ಕಳಿಗೆ 21 ಬಂದು, ಸಮವಾಗಿ ಹಂಚಲಾಗದೆ, ಹೆಚ್ಚಿನವು ಬೀಜ ಕಟ್ಟದೆ ಬಂಜೆಯಾಗುತ್ತಿದ್ದವು. ಅಲ್ಲೊಂದು ಇಲ್ಲೊಂದು ಬೀಜ ಕಟ್ಟಿದ್ದರಿಂದಲೇ ಸಾಲು ಮುಂದುವರಿಯಿತು.

ಫ್ಲೋರಿಬಂಡಾಗಳನ್ನು ಮತ್ತೊಮ್ಮೆ ಹೈಬ್ರಿಡ್ ಟೀ ಜೊತೆ ಕೂಡಿಸಿದಾಗ 1954ರಲ್ಲಿ ಅಮೆರಿಕದಲ್ಲಿ ಬಂದದ್ದು ‘ಕ್ವೀನ್ ಎಲಿಜಬೆತ್’. ತಳಿಗಾರ ವಾಲ್ಟರ್ ಲ್ಯಾಮರ್ಟ್ಸ್. ‘ಷಾರ್ಲೆಟ್ ಆರ್ಮ್‌ಸ್ಟ್ರಾಂಗ್’ ಮತ್ತು ‘ಫ್ಲೋರಡೋರಾ’ ಅದರ ತಂದೆತಾಯಿ. ಆಗಷ್ಟೇ ಪಟ್ಟಕ್ಕೇರಿದ್ದ ಇಂಗ್ಲೆಂಡಿನ ರಾಣಿಯ ಹೆಸರು ಇಟ್ಟರು. ಆಳೆತ್ತರ ಮೀರುವ ಗಿಡ, ಮುಳ್ಳು ಕಮ್ಮಿ, ನಸುಗೆಂಪು ದೊಡ್ಡ ಹೂ ಬಿಡಿಯಾಗಿಯೂ ಗೊಂಚಲಾಗಿಯೂ. ಇದ್ದ ಯಾವ ಗುಂಪಿಗೂ ಇದು ಸೇರದ ಕಾರಣ ಅಮೆರಿಕದವರು ಗ್ರಾಂಡಿಫ್ಲೋರಾ ಎಂಬ ಹೊಸ ಗುಂಪನ್ನೇ ಮಾಡಿದರು. ಬ್ರಿಟಿಷರು ಆ ಗುಂಪನ್ನು ಒಪ್ಪಲಿಲ್ಲ. ತಮ್ಮ ರಾಣಿಯ ಹೆಸರಿನ ಗಿಡವನ್ನೂ ಫ್ಲೋರಿಬಂಡಾದಲ್ಲೇ ಇಟ್ಟುಕೊಂಡರು. 1979ರಲ್ಲಿ ವಿಶ್ವ ರೋಜಾ ಸಂಘಗಳ ಒಕ್ಕೂಟ ಇದನ್ನು ಜಗತ್ತಿನ ಅಚ್ಚುಮೆಚ್ಚಿನ ಗುಲಾಬಿಗಳ ಸಾಲಿಗೆ ಸೇರಿಸಿತು. ಲ್ಯಾಮರ್ಟ್ಸ್ ಬಗ್ಗೆ ಇನ್ನೊಂದು ಮಾತು. ಜೀವನವಿಡೀ ತಳಿಗಳನ್ನು ಬೆರೆಸಿ, ಆರಿಸಿ, ಹೊಸ ರೂಪ ಎಬ್ಬಿಸಿದ ಈ ತಳಿವಿಜ್ಞಾನಿ ಡಾರ್ವಿನನ ವಿಕಾಸವಾದವನ್ನು ಮಾತ್ರ ಒಪ್ಪಿರಲಿಲ್ಲ. 1963ರಲ್ಲಿ ಅದನ್ನು ವಿರೋಧಿಸುವ ಸಂಘವೊಂದರ ಮೊದಲ ಅಧ್ಯಕ್ಷನೂ ಆದ. ಗಿಡಗಳು ಅವನ ಅಭಿಪ್ರಾಯ ಕೇಳಲು ನಿಲ್ಲಲಿಲ್ಲ.

ಈಗ ಹಿತ್ತಿಲಿಗೆ ಬರೋಣ. ನಮ್ಮ ಸೀಮೆಯ ಹಳೆಯ ಮನೆಗಳಲ್ಲಿ, ಬಚ್ಚಲ ನೀರು ಹರಿಯುವ ಕಡೆ, ಯಾರೂ ದುಡ್ಡು ಕೊಟ್ಟು ತಾರದ ಒಂದು ರೋಜಾ ಇರುತ್ತದೆ. ಪನ್ನೀರು ರೋಜಾ. ಗಿಡ ಎದೆಯೆತ್ತರ, ಬಿಟ್ಟರೆ ಆಳೆತ್ತರ. ನಸುಗೆಂಪು ಹೂ ಮೂರು ನಾಲ್ಕು ಒಟ್ಟಿಗೆ. ಬೆಳಿಗ್ಗೆ ಕಿತ್ತು ದೇವರಿಗಿಟ್ಟರೆ ಕೋಣೆಯೆಲ್ಲ ಘಮ, ಸಂಜೆಗೆ ದಳ ಉದುರಿರುತ್ತದೆ. ದಕ್ಷಿಣ ಭಾರತದಲ್ಲಿ ಈ ಹೆಸರಿನಲ್ಲಿ ಬೆಳೆಯುವ ಗಿಡ ಬಹುಪಾಲು ‘ಎಡ್ವರ್ಡ್’ ಗುಲಾಬಿ, ಬೋರ್ಬನ್ ಗುಂಪಿನದು. ಅದರ ಊರು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪ, ಆಗ ಅದಕ್ಕೆ ಬೋರ್ಬನ್ ಎಂದೇ ಹೆಸರು. ಅಲ್ಲಿನ ರೈತರು ಚೀನಾ ಗುಲಾಬಿ ಮತ್ತು ಡಮಾಸ್ಕ್ ಗುಲಾಬಿಗಳನ್ನು ಬೇಲಿಗೆ ನೆಡುತ್ತಿದ್ದರು. ಬೇಲಿಯಲ್ಲಿ ಎರಡೂ ತಾವಾಗಿಯೇ ಕೂಡಿದವು. 1817ರಲ್ಲಿ ದ್ವೀಪಕ್ಕೆ ಬಂದ ಸಸ್ಯಶಾಸ್ತ್ರಜ್ಞ ಬ್ರೆಯೋಂ ಅದನ್ನು ಗುರುತಿಸಿ ಬೀಜಗಳನ್ನು ಪ್ಯಾರಿಸಿಗೆ ಕಳಿಸಿದ. ಅಲ್ಲಿಂದ ಬೋರ್ಬನ್ ಗುಲಾಬಿಗಳು, ಅವುಗಳಿಂದ ಹೈಬ್ರಿಡ್ ಪರ್ಪೆಚುವಲ್, ಅವುಗಳಿಂದ ಹೈಬ್ರಿಡ್ ಟೀ, ಕೊನೆಗೆ ಕ್ವೀನ್ ಎಲಿಜಬೆತ್. ಅಂದರೆ ರಾಣಿಯ ಪೂರ್ವಿಕರ ಮನೆಯ ಹೆಂಗಸು ಯಳಂದೂರಿನ ಬಚ್ಚಲ ಹಿಂದೆ ನಿಂತಿದ್ದಾಳೆ.

ಎಡ್ವರ್ಡಿನಲ್ಲಿ ಚೀನಾ ಕಡೆಯ ಕೆಟ್ಟ ಜೀನ್ ವರ್ಷವಿಡೀ ಹೂ ಕೊಟ್ಟಿದೆ, ಡಮಾಸ್ಕ್ ಕಡೆಯದು ಘಮ. ಗುಲಾಬಿ ಪರಿಮಳದ ಮುಖ್ಯ ಅಂಶಗಳಲ್ಲಿ ಒಂದು ಜೆರಾನಿಯಾಲ್. ಅದನ್ನು ಗುಲಾಬಿ ಬೇರೆ ಪರಿಮಳದ ಗಿಡಗಳ ದಾರಿಯಲ್ಲಿ ತಯಾರಿಸುವುದಿಲ್ಲ. ನುಡಿಕ್ಸ್ ಎಂಬ ಕಿಣ್ವದ ಮೂಲಕ ತನ್ನದೇ ದಾರಿಯಲ್ಲಿ ಮಾಡಿಕೊಳ್ಳುತ್ತದೆ ಎಂದು 2015ರಲ್ಲಿ ಫ್ರೆಂಚ್ ತಂಡವೊಂದು ತೋರಿಸಿತು. ಘಮವಿಲ್ಲದ ಜಾತಿಗಳಲ್ಲಿ ಈ ಕಿಣ್ವದ ಜೀನ್ ಬಹುತೇಕ ಮಲಗಿರುತ್ತದೆ. ದಳ ಗಟ್ಟಿಯಾಗಿ, ಪೆಟ್ಟಿಗೆಯಲ್ಲಿ ದೂರ ಸಾಗಿಸಲು ಆಗುವಂತೆ ತಳಿ ಮಾಡುತ್ತಾ ಹೋದವರು ಘಮದ ಕಡೆ ನೋಡಲಿಲ್ಲ. ಹೊಸೂರಿನ ಪಾಲಿಹೌಸಿನ ಕೆಂಪು ‘ತಾಜ್‌ಮಹಲ್’ ಹೂವನ್ನು ಮೂಗಿಗೆ ಹಿಡಿದವರಿಗೆ ಇದು ಗೊತ್ತು.

ಎಡ್ವರ್ಡ್ ಇನ್ನೊಂದು ವೇಷದಲ್ಲೂ ನಮ್ಮ ಅಂಗಳಕ್ಕೆ ಬಂದಿರುತ್ತದೆ. ‘ಕೆಂಪು ರೋಜಾ ತಂದಿದ್ದೆ, ಎರಡು ವರ್ಷಕ್ಕೆ ತಿಳಿಗೆಂಪಾಯಿತು, ಮಣ್ಣಿನ ಗುಣ’ ಎನ್ನುವವರು ಬಹಳ. ಮಣ್ಣು ಬಣ್ಣ ಬದಲಿಸುವುದಿಲ್ಲ. ಮಾರಾಟದ ಗಿಡಗಳು ಕಸಿ ಕಟ್ಟಿದವು: ಮೇಲೆ ಚಂದದ ಜಾತಿ, ಕೆಳಗೆ ಗಟ್ಟಿ ಬೇರಿನ ಜಾತಿ. ದಕ್ಷಿಣದಲ್ಲಿ ಬೇರಿಗೆ ಎಡ್ವರ್ಡ್ ಅಥವಾ ಮಲ್ಟಿಫ್ಲೋರಾ ಬಳಸುವುದು ರೂಢಿ. ಬೇಸಿಗೆಯಲ್ಲಿ ಮೇಲಿನದು ಸತ್ತು ಕೆಳಗಿನದು ಚಿಗುರುತ್ತದೆ. ತಿಳಿಗೆಂಪು ಘಮದ ಹೂ ಬಂದರೆ ಎಡ್ವರ್ಡ್, ಬಟಾಣಿಗಿಂತ ಸ್ವಲ್ಪ ದೊಡ್ಡ ಮೊಗ್ಗುಗಳ ಬಿಳಿ ಗೊಂಚಲು ಒಮ್ಮೆ ಬಂದು ನಿಂತರೆ ಮಲ್ಟಿಫ್ಲೋರಾ. ಏಳೆಲೆ ಇದ್ದರೆ ಕಾಡು, ಐದೆಲೆ ಇದ್ದರೆ ಒಳ್ಳೆಯದು ಎಂಬ ಪರೀಕ್ಷೆಯನ್ನು ನಂಬಬೇಡಿ. ಒಳ್ಳೆಯ ಜಾತಿಗಳೂ ಕಸುವಿದ್ದಾಗ ಏಳೆಲೆ ಬಿಡುತ್ತವೆ. ಚಿಗುರು ಕಸಿಯ ಗಂಟಿನ ಮೇಲಿಂದ ಬಂದಿದೆಯೋ ಕೆಳಗಿಂದಲೋ ಎಂದು ಮಣ್ಣು ಸರಿಸಿ ನೋಡುವುದೊಂದೇ ಸರಿಯಾದ ದಾರಿ. ಕೆಳಗಿಂದ ಬಂದದ್ದನ್ನು ಕತ್ತರಿಸದೆ ಬುಡದಿಂದ ಸಿಗಿದು ತೆಗೆಯಬೇಕು, ಕತ್ತರಿಸಿದರೆ ಉಳಿದ ಕಣ್ಣುಗಳು ಎರಡಾಗಿ ಬರುತ್ತವೆ.

ಕೊಳ್ಳೇಗಾಲ, ಹನೂರು, ಯಳಂದೂರು, ಈ ಮೂರು ತಾಲ್ಲೂಕಿನಲ್ಲಿ ಗುಲಾಬಿಗಿಂತ ದೊಡ್ಡ ಗಿಡವೊಂದಿದೆ, ಹಿಪ್ಪುನೇರಳೆ. ಕೊಳ್ಳೇಗಾಲದ ರೇಷ್ಮೆಯ ಹೆಸರು ಯಾರಿಗೆ ಗೊತ್ತಿಲ್ಲ? ಗುಲಾಬಿ ಪುಸ್ತಕಗಳು ದೆಹಲಿಯಲ್ಲೋ ಲಂಡನ್ನಿನಲ್ಲೋ ಬರೆದವಾದ್ದರಿಂದ ಅವುಗಳಲ್ಲಿ ರೇಷ್ಮೆಹುಳುವಿನ ಮಾತಿಲ್ಲ. ಇಲ್ಲಿ ಅದೇ ಮೊದಲ ಮಾತು. ಗುಲಾಬಿಗೆ ಥ್ರಿಪ್ಸ್, ನುಸಿ, ಹೇನು ಎಂದು ಪುಸ್ತಕದ ಪ್ರಕಾರ ಔಷಧಿ ಹೊಡೆದರೆ ಗಾಳಿಯಲ್ಲಿ ತೇಲಿದ ಹನಿ ಪಕ್ಕದ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂರುತ್ತದೆ. ಇಮಿಡಾಕ್ಲೋಪ್ರಿಡ್, ಪೈರೆಥ್ರಾಯ್ಡ್ ಗುಂಪಿನ ಔಷಧಿಗಳ ಅತಿ ಸಣ್ಣ ಅಂಶ ಸಾಕು, ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು ಗಬಗಬ ಮೇಯುವ ಹುಳು ಗೂಡು ಕಟ್ಟುವ ಚಂದ್ರಂಕಿ ಏರದೆಯೇ ಸಾಯಲು. ‘ಬೇವಿನೆಣ್ಣೆ ಹೊಡೆದರಾಯಿತು, ಸಾವಯವ’ ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಬೇವಿನ ಅಜಾಡಿರಾಕ್ಟಿನ್ ಕೆಲಸ ಮಾಡುವುದೇ ಹುಳುವಿನ ಮೇವು ನಿಲ್ಲಿಸಿ, ಪೊರೆ ಬಿಡುವುದನ್ನು ಕೆಡಿಸಿ. ರೇಷ್ಮೆಹುಳುವೂ ಹುಳುವೇ. ಅದಕ್ಕೆ ಸಾವಯವದ ರಿಯಾಯಿತಿ ಸಿಗುವುದಿಲ್ಲ.

ಆದ್ದರಿಂದ ನಮ್ಮಲ್ಲಿ ಗುಲಾಬಿಯನ್ನು ಆರಿಸುವಾಗ ರೋಗ ತಾಳುವ ಗುಣಕ್ಕೆ ಬಣ್ಣಕ್ಕಿಂತ ಮೇಲಿನ ಜಾಗ ಕೊಡಬೇಕು. ಎಲೆಯ ಕಪ್ಪುಚುಕ್ಕೆ ರೋಗದ ಶಿಲೀಂಧ್ರಕ್ಕೆ ಎಲೆ ಏಳು ಗಂಟೆಯಷ್ಟು ಹೊತ್ತು ಒದ್ದೆಯಾಗಿಯೇ ಇರಬೇಕು, ಆಗ ಮಾತ್ರ ಅದು ಒಳಹೊಗುತ್ತದೆ. ಹನೂರಿನ ಒಣಗಾಳಿಯಲ್ಲಿ ಅದು ಕಷ್ಟ, ಬೆಟ್ಟದ ಬುಡದ ಮಂಜಿನಲ್ಲಿ ಸುಲಭ. ಕೆಂಪು ನುಸಿಗೆ ಇದರ ತದ್ವಿರುದ್ಧ, ಒಣ ಸೆಖೆಯಲ್ಲೇ ಅದರ ಹಬ್ಬ. ಬೆಳಿಗ್ಗೆ ಹೊತ್ತು ಎಲೆಯ ಅಡಿಗೆ ಪೈಪಿನಿಂದ ರಭಸದ ನೀರು ಹಾಯಿಸಿದರೆ ನುಸಿಗಳು ತೊಳೆದು ಹೋಗುತ್ತವೆ, ಹತ್ತು ಗಂಟೆಯೊಳಗೆ ಎಲೆಯೂ ಆರುತ್ತದೆ. ಸಂಜೆ ಮಾಡಿದರೆ ರಾತ್ರಿಯಿಡೀ ಒದ್ದೆ, ಕಪ್ಪುಚುಕ್ಕೆಗೆ ಆಹ್ವಾನ. ಥ್ರಿಪ್ಸ್ ಬಿಳಿ, ಹಳದಿ ಹೂಗಳಿಗೆ ಹೆಚ್ಚು ಮುತ್ತುತ್ತವೆ, ದಳ ಒತ್ತಾಗಿದ್ದರೆ ಒಳಗೆ ಅಡಗುತ್ತವೆ. ಗೊಂಚಲಿನ ಬಿಡಿದಳದ ಹೂ ಇಲ್ಲೂ ಗೆಲ್ಲುತ್ತದೆ. ರೇಷ್ಮೆಯಿಂದ ಗುಲಾಬಿಗೆ ಲಾಭವೂ ಉಂಟು. ಹುಳದ ಹಿಕ್ಕೆಯಲ್ಲಿ ಸಾರಜನಕ ಚೆನ್ನಾಗಿದೆ. ಹಸಿಯಾಗಿ ಹಾಕದೆ, ಮಿಕ್ಕ ಕಡ್ಡಿ ಸೊಪ್ಪಿನೊಂದಿಗೆ ಕೊಳೆಸಿ ಗೊಬ್ಬರ ಮಾಡಿ ಹಾಕಿದರೆ ಎತ್ತರದ ಗುಲಾಬಿಗೆ ಬೇಕಾದ ಕಸುವು ಅದರಲ್ಲೇ ಸಿಗುತ್ತದೆ.

ನೀರು, ಮಣ್ಣಿನ ವಿಷಯದಲ್ಲಿ ಮೂರೂ ಕಡೆ ಒಂದೇ ಸಲಹೆ ನಡೆಯುವುದಿಲ್ಲ. ಯಳಂದೂರಿನ ಸುತ್ತ ಸುವರ್ಣಾವತಿ ನೀರು, ಭತ್ತದ ಗದ್ದೆ. ಅಲ್ಲಿ ಗುಲಾಬಿ ಬಾಯಾರಿ ಸಾಯುವುದಿಲ್ಲ, ಬೇರು ಉಸಿರುಗಟ್ಟಿ ಸಾಯುತ್ತದೆ. ಒಂದಡಿ ಏರುಮಡಿ ಮಾಡಿ ನೆಡಬೇಕು. ಹನೂರು ಕಡೆ ಬೋರ್‌ವೆಲ್ಲಿನ ಗಡಸು ನೀರು. ಅದರ ಸುಣ್ಣದಂಶ ಮಣ್ಣನ್ನು ಕ್ಷಾರವಾಗಿಸಿ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಎಲೆಯ ನರ ಹಸಿರು, ಉಳಿದದ್ದೆಲ್ಲ ಹಳದಿ. ಮಲ್ಟಿಫ್ಲೋರಾ ಬೇರಿನ ಗಿಡ ಇದನ್ನು ತಾಳುವುದೇ ಇಲ್ಲ. ಇಲ್ಲಿ ಎಡ್ವರ್ಡ್ ಬೇರು ಅಥವಾ ಸ್ವಂತ ಬೇರಿನ ಗಿಡ ಕೇಳಿ ತರಬೇಕು. ಮಳೆಗಾಲದಲ್ಲಿ ಚಾವಣಿ ನೀರು ಹಿಡಿದಿಟ್ಟು ಕುಂಡಗಳಿಗೆ ಕೊಟ್ಟರೆ ಇನ್ನೂ ಒಳ್ಳೆಯದು. ಹನೂರು ತಾಲ್ಲೂಕಿನಲ್ಲೇ ಒಡೆಯರಪಾಳ್ಯದಂಥ ಎತ್ತರದ ಊರುಗಳಲ್ಲಿ ಹವೆ ತಂಪು, ಅಲ್ಲಿ ದೊಡ್ಡ ಹೂವಿನ ಜಾತಿಗಳಿಗೂ ಒಂದು ಕೈ ನೋಡಬಹುದು.

ಬೆಟ್ಟದ ಮೇಲೆ, ಕಾಡಿನ ಪಕ್ಕ, ಏನನ್ನು ನೆಡುತ್ತೇವೆ ಎಂಬ ಬಗ್ಗೆ ಮಾತ್ರ ಎಚ್ಚರ ಬೇಕು. ಅಮೆರಿಕದಲ್ಲಿ 1930ರ ದಶಕದಿಂದ ಮಣ್ಣು ಸವಕಳಿ ತಡೆಯಲು, ಜೀವಂತ ಬೇಲಿಗೆ ಎಂದು ಸರ್ಕಾರವೇ ಮಲ್ಟಿಫ್ಲೋರಾ ಹಂಚಿತು. ಹಕ್ಕಿಗಳು ಅದರ ಹಣ್ಣು ತಿಂದು ಬೀಜ ಹರಡಿದವು, ಇಂದು ಹಲವು ರಾಜ್ಯಗಳಲ್ಲಿ ಅದು ಕಾನೂನೇ ಘೋಷಿಸಿದ ಕಳೆ. ಬಿಳಿಗಿರಿರಂಗನ ಬೆಟ್ಟದವರಿಗೆ ಈ ಕಥೆ ಹೊಸದಲ್ಲ. ಹೂದೋಟಕ್ಕೆಂದು ದೇಶಕ್ಕೆ ಬಂದ ಲಂಟಾನ ಅಲ್ಲಿನ ಕಾಡಿನ ನೆಲವನ್ನೆಲ್ಲ ಹೇಗೆ ಮುಚ್ಚಿದೆ ಎಂದು ಸೋಲಿಗರನ್ನು ಕೇಳಬೇಕು. ಮಲೆ ಮಹದೇಶ್ವರ ಬೆಟ್ಟದಲ್ಲಿ ಅದೇ ಲಂಟಾನದ ಕಡ್ಡಿಯಿಂದ ಕುರ್ಚಿ, ಬುಟ್ಟಿ ಮಾಡುವ ಕಸುಬೂ ಶುರುವಾಗಿದೆ. ಆದ್ದರಿಂದ ಕಾಡಂಚಿನಲ್ಲಿ ಹಣ್ಣು ಕಟ್ಟುವ ಗುಲಾಬಿ ಬೇಡ.

ಎತ್ತರದ ಗೊಂಚಲು ಗಿಡವನ್ನು ಸವರುವುದರಲ್ಲಿ ಹೆಚ್ಚಿನವರು ಎಡವುತ್ತಾರೆ. ಮೊಣಕಾಲಿಗೆ ಕತ್ತರಿಸಿದರೆ ಗಿಡ ಗಿಡ್ಡವಾಗುತ್ತದೆ ಎಂಬ ನಂಬಿಕೆ. ಆಗುವುದು ಉಲ್ಟಾ. ಕ್ವೀನ್ ಎಲಿಜಬೆತ್ ತರದ ಗಿಡವನ್ನು ಬುಡಕ್ಕೆ ಕತ್ತರಿಸಿದರೆ ಬೇರಿನ ಕಸುವೆಲ್ಲ ಮೂರು ನಾಲ್ಕು ಕಣ್ಣಿಗೆ ನುಗ್ಗಿ, ಏಳಡಿ ಕಡ್ಡಿಗಳು ನೆಟ್ಟಗೆ ಎದ್ದು, ಹೂ ಮಹಡಿ ಮನೆಯವರಿಗೆ ಮಾತ್ರ ಕಾಣುತ್ತದೆ. ಮೂರನೇ ಒಂದು ಭಾಗ ತೆಗೆದರೆ ಸಾಕು. ಅದಕ್ಕಿಂತ ಒಳ್ಳೆಯ ಉಪಾಯ ಬಾಗಿಸುವುದು. ಚಿಗುರಿನ ತುದಿಯಿಂದ ಇಳಿದು ಬರುವ ಆಕ್ಸಿನ್ ಎಂಬ ಚೋದಕ ಕೆಳಗಿನ ಕಣ್ಣುಗಳನ್ನು ಮಲಗಿಸಿರುತ್ತದೆ. ಉದ್ದದ ಕಡ್ಡಿಯನ್ನು ಬಗ್ಗಿಸಿ ನೆಲಕ್ಕೆ ಅಡ್ಡಲಾಗಿ ಗೂಟಕ್ಕೋ ತಂತಿಗೋ ಕಟ್ಟಿದರೆ ಆ ಹಿಡಿತ ಸಡಿಲುತ್ತದೆ. ಬೆಳಕೂ ಎಲ್ಲ ಕಣ್ಣುಗಳ ಮೇಲೆ ಬೀಳುತ್ತದೆ, ಗುಲಾಬಿಯ ಕಣ್ಣು ಒಡೆಯಲು ಬೆಳಕು ಬೇಕೇ ಬೇಕು. ಕಡ್ಡಿಯುದ್ದಕ್ಕೂ ಗೇಣಿಗೊಂದು ಚಿಗುರು ಎದ್ದು, ಒಂದೊಂದರ ತುದಿಯಲ್ಲೂ ಗೊಂಚಲು. ಬೋರ್ಬನ್ ಕಾಲದ ತೋಟಗಾರರು ಇದನ್ನು ಜೀನು ಚೋದಕಗಳ ಹೆಸರು ಹುಟ್ಟುವ ಮೊದಲೇ ಮಾಡುತ್ತಿದ್ದರು. ಪನ್ನೀರು ರೋಜಾ ಕಡ್ಡಿ ಬಲು ಚೆನ್ನಾಗಿ ಬಾಗುತ್ತದೆ.

ಗೊಂಚಲಿನೊಳಗೂ ಒಂದು ಯಜಮಾನಿಕೆ ಇದೆ. ನಡುವಿನ ಮೊಗ್ಗು ಮೊದಲು ಬಲಿತು ಮೊದಲು ಅರಳುತ್ತದೆ, ಸುತ್ತಲಿನವು ಆಮೇಲೆ. ಹಾಗೆ ಬಿಟ್ಟರೆ ಹೊಸ ಮೊಗ್ಗುಗಳ ನಡುವೆ ಬಾಡಿದ ಹೂವೊಂದು ಕೂತಿರುತ್ತದೆ. ನಡುವಿನದನ್ನು ಜೋಳದ ಕಾಳಿನಷ್ಟಿರುವಾಗಲೇ ಚಿವುಟಿದರೆ ಉಳಿದವು ಹೆಚ್ಚುಕಡಿಮೆ ಒಟ್ಟಿಗೇ ಅರಳುತ್ತವೆ. ಹಬ್ಬಕ್ಕೆ ಒಮ್ಮೆಲೇ ಹೂ ಬೇಕೆನ್ನುವವರಿಗೆ ಈ ಉಪಾಯ, ದಿನಕ್ಕೆರಡು ದೇವರ ಪಟಕ್ಕೆ ಸಾಕೆನ್ನುವವರು ಚಿವುಟಬೇಕಿಲ್ಲ.

ಸವರಿದ ಮೇಲೆ ಹೂ ಬರಲು ನಮ್ಮ ಸೆಖೆಯಲ್ಲಿ ಆರೇಳು ವಾರ. ಆದ್ದರಿಂದ ಹಬ್ಬದಿಂದ ಹಿಂದಕ್ಕೆ ಎಣಿಸಬೇಕು: ವರಮಹಾಲಕ್ಷ್ಮಿಗೆ ಬೇಕಾದರೆ ಜೂನ್ ಕೊನೆಗೆ, ಸಂಕ್ರಾಂತಿಗೆ ಬೇಕಾದರೆ ನವೆಂಬರ್ ಕೊನೆಗೆ. ಪ್ರೇಮಿಗಳ ದಿನಕ್ಕೆಂದು ಹೊಸೂರಿನವರು ಡಿಸೆಂಬರ್ ನಡುವೆ ಕತ್ತರಿ ಹಿಡಿಯುವುದೂ ಇದೇ ಲೆಕ್ಕದಿಂದ. ಮಳೆ ಜೋರಾಗಿ ಸುರಿಯುವ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಕತ್ತರಿ ಮುಟ್ಟದಿರುವುದು ಕ್ಷೇಮ. ಕತ್ತರಿಸಿದ ಗಾಯದಲ್ಲಿ ನೀರು ನಿಂತರೆ ತುದಿ ಕಪ್ಪಾಗುವ ರೋಗ ಅಲ್ಲಿಂದಲೇ ಇಳಿಯುತ್ತದೆ.

ಕೊನೆಗೆ ಯಾವುದನ್ನು ತರುವುದು? ಮೊದಲ ಜಾಗ ಪನ್ನೀರು ರೋಜಾಕ್ಕೆ, ಯಾರ ಮನೆಯಲ್ಲಿದ್ದರೂ ಕಡ್ಡಿ ಕೇಳಿ. ಕೊಂಡು ತರುವವರಿಗೆ ಬಿಳಿಯಲ್ಲಿ 1958ರ ಜರ್ಮನ್ ಫ್ಲೋರಿಬಂಡಾ ‘ಐಸ್‌ಬರ್ಗ್’. ಅರವತ್ತು ವರ್ಷದ ಮೇಲೂ ಅದಕ್ಕೆ ಸರಿಗಟ್ಟುವ ಬಿಳಿ ಗೊಂಚಲು ನನಗೆ ಕಂಡಿಲ್ಲ, ಥ್ರಿಪ್ಸ್ ಕಾಟವೊಂದನ್ನು ಸಹಿಸಬೇಕು. ಎತ್ತರಕ್ಕೆ ಕ್ವೀನ್ ಎಲಿಜಬೆತ್, ಆದರೆ ಪಡುವಣ ಬಿಸಿಲು ಬೀಳದ ಕಡೆ. ಬಿ. ಪಿ. ಪಾಲ್ ಮಾಡಿದ ಫ್ಲೋರಿಬಂಡಾಗಳು ಸಿಕ್ಕರೆ ಬಿಡಬೇಡಿ. ತುಕ್ಕುರೋಗ ತಾಳುವ ಗೋಧಿ ತಳಿಗಳನ್ನು ಮಾಡಿದ ತಳಿವಿಜ್ಞಾನಿ ಅವರು, ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಮೊದಲ ಮಹಾನಿರ್ದೇಶಕರು. ದೆಹಲಿಯ ಬಿಸಿಲಿನಲ್ಲಿ ‘ದೆಹಲಿ ಪ್ರಿನ್ಸೆಸ್’, ‘ಬಂಜಾರನ್’, ‘ಮೋಹಿನಿ’ಗಳನ್ನು ಆರಿಸಿದರು. ದೆಹಲಿಯ ಮೇ ತಿಂಗಳು ತಾಳಿದ್ದು ಕೊಳ್ಳೇಗಾಲಕ್ಕೆ ಹೆದರುವುದಿಲ್ಲ. ಬಿಡಿಹೂ ಕಟ್ಟಿ ಮಾರುವ ಆಸೆಯಿದ್ದರೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಘಮದ ಜಾತಿ ‘ಅರ್ಕಾ ಪರಿಮಳ’ ವಿಚಾರಿಸಿ. ಇನ್ನೂ ದೂರದ ದಾರಿ ಹಿಡಿದವರು ಕೊಡೈಕನಾಲಿನ ಎಂ. ಎಸ್. ವೀರರಾಘವನ್. ಯುರೋಪಿನ ಗುಲಾಬಿಗಳೆಲ್ಲ ಚಳಿ ತಡೆಯಲೆಂದು ತಳಿ ಮಾಡಿದವು, ನಮಗೆ ಬೇಕಾದದ್ದು ಸೆಖೆ ತಡೆಯುವ ರಕ್ತ ಎಂದು ಅವರು ದಶಕಗಳಿಂದ ವಾದಿಸುತ್ತಾ ಬಂದಿದ್ದಾರೆ. ಬಂಗಾಳ, ಬಿಹಾರದ ಹೊಳೆದಂಡೆಯ ರೋಸಾ ಕ್ಲಿನೋಫಿಲ್ಲಾ, ಮಣಿಪುರದ ಬೆಟ್ಟಗಳಲ್ಲಿ ಮರದ ನೆತ್ತಿಗೇರುವ ರೋಸಾ ಜೈಗಾಂಟಿಯಾ, ಈ ಎರಡು ಕಾಡುಗುಲಾಬಿಗಳನ್ನು ಅವರು ತೋಟದ ಜಾತಿಗಳಿಗೆ ಬೆರೆಸಿದ್ದಾರೆ. ಆ ಗಿಡಗಳು ನಮ್ಮ ಸಂತೆಯ ಗಾಡಿಗೆ ಬರುವ ದಿನ ಈ ಅಧ್ಯಾಯವನ್ನು ತಿದ್ದಬೇಕಾದೀತು.

ಕಡ್ಡಿ ನೆಡಲು ಒಳ್ಳೆಯ ಕಾಲ ಜುಲೈ, ಆಗಸ್ಟ್. ಹೂ ಬಿಟ್ಟು ಮುಗಿದ, ಪೆನ್ಸಿಲ್ ದಪ್ಪದ, ಮುಳ್ಳು ಅದುಮಿದರೆ ಪಟ್ಟನೆ ಮುರಿಯುವಷ್ಟು ಬಲಿತ ಕಡ್ಡಿ ಗೇಣುದ್ದ ಸಾಕು. ಬೇರು ಬಿಟ್ಟ ಗಿಡ ನಾಲ್ಕೆಲೆ ಕಟ್ಟಿದ ಕೂಡಲೇ ಮೊಗ್ಗೂ ಬಿಡುತ್ತದೆ, ಕೆಟ್ಟ ಜೀನಿನ ಅವಸರ ಅದು. ಮೊದಲ ಆರು ತಿಂಗಳ ಮೊಗ್ಗುಗಳನ್ನು ಚಿವುಟುತ್ತಾ ಬಂದರೆ ಆ ಕಸುವು ಬುಡಕ್ಕೆ ಹೋಗಿ, ಎರಡನೆಯ ವರ್ಷ ದಪ್ಪನೆಯ ಕಡ್ಡಿಗಳು ಎದ್ದು ಗಿಡ ಎತ್ತರ ಹಿಡಿಯುತ್ತದೆ. ಮನೆಯ ಹೆಂಗಸರು ಇದನ್ನು ಒಪ್ಪುವುದಿಲ್ಲ. ಗೌರಿ ಹಬ್ಬಕ್ಕೆ ಎರಡು ಹೂ ಬಿಟ್ಟುಕೊಡಿ, ಗಿಡಕ್ಕೇನೂ ಆಗುವುದಿಲ್ಲ.